ಹಾಲಿನ ಕ್ಯಾನಿನ ಕೋಚ್

ಐನರ್ ಸ್ಕೋವ್ ವಾರದಲ್ಲಿ ಐದು ದಿನ ಬಾಯಿ ಮುಚ್ಚುತ್ತಿರಲಿಲ್ಲ. ಆಟದ ದಿನ ಬಾಯಿ ತೆರೆಯುತ್ತಿರಲಿಲ್ಲ. ಅಮೆರಿಕದ ನೆಬ್ರಾಸ್ಕಾದ ನಮ್ಮ ಲಿಲಬೆಕ್ ಊರಿನಲ್ಲಿ ಅವರ ಬಗ್ಗೆ ಹೇಳುವ ಕಥೆಗಳೆಲ್ಲ ಕೊನೆಗೆ ಈ ಒಂದು ಸಂಗತಿಗೆ ಬಂದು ನಿಲ್ಲುತ್ತವೆ. ನಾನು ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಗಡಿಯಾರ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿದ್ದರಿಂದ ಅವರ ಬೆಂಚಿಗೆ ತಾಗಿದಂತಿದ್ದ ಮೇಜಿನಲ್ಲಿ ಕೂರುತ್ತಿದ್ದೆ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ನಾನು ಕಂಡದ್ದು. ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ಕಾಲೇಜು ಚಿಕ್ಕದು. ಡೆನ್ಮಾರ್ಕಿನಿಂದ ಬಂದ ಹಾಲಿನ ರೈತರು ತಮ್ಮ ಮಕ್ಕಳು ಪಾದ್ರಿಗಳೋ ಮೇಷ್ಟರೋ ಆಗಲೆಂದು ಕಟ್ಟಿಸಿದ್ದು. ಎರಡು ಆಟಕ್ಕೆ ಇಬ್ಬರು ಕೋಚ್‌ಗಳನ್ನು ಇಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಸ್ಕೋವ್ ಬೆಳಿಗ್ಗೆ ಬೀಜಗಣಿತ ಹೇಳಿಕೊಡುತ್ತಿದ್ದರು, ಮಧ್ಯಾಹ್ನ ಎಲೆ ಉದುರುವ ಕಾಲದಲ್ಲಿ ಫುಟ್‌ಬಾಲ್, ಹಿಮ ಬೀಳುವ ಕಾಲದಲ್ಲಿ ಬಾಸ್ಕೆಟ್‌ಬಾಲ್. ನಮ್ಮ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವುದಕ್ಕಿಂತ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವುದೇ ಹೆಚ್ಚು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ಊಟ ಮುಗಿಸಿದ ಹುಡುಗರು ಮುಂದಿನ ಸೋಮವಾರ ಫುಟ್‌ಬಾಲಿನ ಅದೇ ಬಾವು, ಅದೇ ತರಚುಗಾಯಗಳೊಡನೆ ವ್ಯಾಯಾಮಶಾಲೆಗೆ ಬಂದು ನಿಲ್ಲುತ್ತಿದ್ದರು. ಆ ಕಟ್ಟಡವನ್ನು ಮೊದಲು ನಾಟಕಕ್ಕೂ ಪ್ರಾರ್ಥನೆಗೂ ಎಂದು ಕಟ್ಟಿದ್ದರು. ಒಂದು ತುದಿಯಲ್ಲಿ ರಂಗಮಂಚ, ತಲೆಯ ಮೇಲೆ ತಗ್ಗಾದ ತೊಲೆಗಳು. ಬುಟ್ಟಿಗೆ ಎತ್ತರಿಸಿ ಎಸೆದ ಚೆಂಡು ತೊಲೆಗೆ ಬಡಿದರೆ ಅದು ಎದುರಾಳಿಗಳ ಪಾಲು. ಹಾಗಾಗಿ ನಮ್ಮ ಹುಡುಗರು ಚೆಂಡನ್ನು ಚಪ್ಪಟೆಯಾಗಿ, ಹೆಚ್ಚುಕಡಿಮೆ ಸರಳರೇಖೆಯಲ್ಲಿ ಎಸೆಯುವುದನ್ನು ಕಲಿತಿದ್ದರು. ಬೇರೆ ಊರಿನ ಅಂಗಳದಲ್ಲಿ ಅದನ್ನು ನೋಡಿದವರು ನಗುತ್ತಿದ್ದರು.

ಅಭ್ಯಾಸದ ಹೊತ್ತಿನಲ್ಲಿ ಸ್ಕೋವ್ ಅವರ ಮಾತು ನನ್ನ ಪ್ರಯೋಗಾಲಯದವರೆಗೂ ಕೇಳುತ್ತಿತ್ತು.

"ಏ ಬಾಕ್, ಆ ಮೊಣಕೈನ ಯಾರಿಗೇಂತ ಹಾಗೆ ಚಾಚ್ಕೊಂಡಿದೀಯ? ನಿನ್ನ ಹುಡುಗಿ ತೋಳು ಹಿಡ್ಕೊಂಡು ಚರ್ಚಿಗೆ ಹೋಗೋಕಾ? ಒಳಗೆ ತಗೊ. ಟೋಫ್ಟ್, ಓಡ್ತಿದೀಯೋ, ನಿಮ್ಮಜ್ಜನ ಹುಡುಕ್ತಿದೀಯೋ? ಇನ್ನೊಂದ್ಸಲ. ಇಲ್ಲಪ್ಪ, ಅದಲ್ಲ. ಇನ್ನೊಂದ್ಸಲ."

ಶನಿವಾರ ಬಂತೆಂದರೆ ಇದೇ ಮನುಷ್ಯ ಬೆಂಚಿನ ತುದಿಯಲ್ಲಿ, ಕಾಲ ನಡುವೆ ಹಾಲಿನ ಕ್ಯಾನೊಂದನ್ನು ಇಟ್ಟುಕೊಂಡು, ಪ್ರಾರ್ಥನೆಗೆ ಕೂತವರ ಹಾಗೆ ಕೂರುತ್ತಿದ್ದರು. ವಿರಾಮ ಕೇಳಿ ಹುಡುಗರು ತಲೆ ಕೂಡಿಸಿ ನಿಂತಾಗ ಎದ್ದು ಹೋಗಿ, ಕ್ಯಾನಿನಿಂದ ಸೌಟಿನಲ್ಲಿ ಒಬ್ಬೊಬ್ಬರಿಗೂ ನೀರು ಕೊಟ್ಟು, ಮಾತಿಲ್ಲದೆ ಹಿಂದಿರುಗುತ್ತಿದ್ದರು.

ಇದು ಶುರುವಾದದ್ದು ಬಾಸ್ಕೆಟ್‌ಬಾಲ್‌ನಿಂದಲ್ಲ, ಫುಟ್‌ಬಾಲ್‌ನಿಂದ. ನಾನು ಬರುವ ಮುಂಚಿನ ಮಾತು. ಸ್ಕೋವ್ ಅವರೇ ನನಗೆ ಹೇಳಿದ್ದು. ಮೂವತ್ತರ ದಶಕದ ಆರಂಭದಲ್ಲಿ ಅವರು ಹೊಸ ಕೋಚ್. ಆಗಿನ ನಿಯಮದಂತೆ ಅಂಗಳದ ಹೊರಗಿನಿಂದ ಕೋಚ್ ಆಟ ನಡೆಸುವಂತಿರಲಿಲ್ಲ. ಮುಂದಿನ ನುಗ್ಗು ಯಾವ ಕಡೆಗೆ ಎಂದು ತೀರ್ಮಾನಿಸಬೇಕಾದವನು ಅಂಗಳದೊಳಗಿನ ಹುಡುಗನೇ. ಆದರೆ ಎಲ್ಲ ಕೋಚ್‌ಗಳೂ ಒಂದಲ್ಲ ಒಂದು ಸನ್ನೆ ಮಾಡಿಕೊಂಡಿದ್ದರು. ಒಬ್ಬರದು ಚುಟ್ಟಾ, ಇನ್ನೊಬ್ಬರದು ಕರವಸ್ತ್ರ. ಸ್ಕೋವ್ ಅವರದು ಹ್ಯಾಟು. ಎಡಗೈಯಲ್ಲಿ ತೆಗೆದರೆ ಎಡಕ್ಕೆ ನುಗ್ಗು, ಬಲಗೈಯಲ್ಲಿ ತೆಗೆದರೆ ಬಲಕ್ಕೆ. ಒಂದು ಪಂದ್ಯದಲ್ಲಿ ನಮ್ಮ ಎಡಕ್ಕೆ ಎದುರಾಳಿಗಳ ಸಾಲು ಸಡಿಲವಾದದ್ದನ್ನು ಕಂಡು ಎಡಗೈಯಲ್ಲಿ ಹ್ಯಾಟು ತೆಗೆದರು. ಎಡಗಡೆ ದಾರಿ ಬಿಡಿಸಬೇಕಾದವನು ಟಾಗೆ ಎಂಬ ಹುಡುಗ. ಅವನ ಕೊರಳಮೂಳೆ ಸ್ವಲ್ಪ ಹೊತ್ತಿನ ಮುಂಚೆಯೇ ಬಿರುಕು ಬಿಟ್ಟಿತ್ತು. ತಲೆ ಕೂಡಿಸಿದಾಗ ಅವನು ಅದನ್ನು ಗೆಳೆಯರಿಗೆ ಹೇಳಿದ್ದ. ಅವರು ಬಲಕ್ಕೇ ಹೋಗೋಣ ಎಂದುಕೊಂಡಿದ್ದರು. ಅಷ್ಟರಲ್ಲಿ ಹ್ಯಾಟು ಕಂಡಿತು. ಕೋಚ್ ಹೇಳಿದ ಮೇಲೆ ಆಯಿತು ಎಂದು ಎಡಕ್ಕೇ ನುಗ್ಗಿದರು. ಟಾಗೆಯ ಹೆಗಲು ಮತ್ತೆ ಸರಿಯಾಗಲಿಲ್ಲ.

ಆ ಚಳಿಗಾಲವಿಡೀ ಸ್ಕೋವ್ ಪಾಠಕ್ಕೆ ಮುಂಚೆ ಟಾಗೆಯ ಮನೆಯ ಕೊಟ್ಟಿಗೆಗೆ ಹೋಗಿ ಅವನ ಪಾಲಿನ ಹಸುಗಳ ಹಾಲು ಕರೆದರು. ಪೇಟೆಯಲ್ಲಿ ಬೆಳೆದವರು, ಅವರಿಗೆ ಕರೆಯಲು ಬರುತ್ತಿರಲಿಲ್ಲ. ಟಾಗೆಯ ಅಪ್ಪ ಮೊದಲ ವಾರ ಒಂದು ಮಾತೂ ಆಡಲಿಲ್ಲವಂತೆ. ಎರಡನೆಯ ವಾರ, "ಹಾಗೆ ಎಳೀಬೇಡ, ಅದೇನು ಗಂಟೆ ಹಗ್ಗವಾ?" ಎಂದನಂತೆ. ಹುಲ್ಲು ಚಿಗುರುವ ಹೊತ್ತಿಗೆ ತಳ ಸೊಟ್ಟಗಾದ ಒಂದು ಕ್ಯಾನನ್ನು ಅವರ ಕೈಗಿತ್ತ.

"ಡೈರಿಯವ್ರು ಇದ್ನ ತಗೊಳಲ್ಲ. ನಿನ್ನ ಹುಡುಗ್ರಿಗೆ ನೀರಿಗೆ ಇಟ್ಕೊ."

ಸ್ಕೋವ್ ಮತ್ತೆ ಹ್ಯಾಟು ಹಾಕಲಿಲ್ಲ. ನವೆಂಬರಿನ ಗಾಳಿಯಲ್ಲಿ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದರೂ ಬರಿದಲೆಯಲ್ಲೇ ಅಂಗಳದ ಪಕ್ಕ ನಿಲ್ಲುತ್ತಿದ್ದರು. "ಹುಡುಗ್ರು ಒಬ್ರಿಗೊಬ್ರು ಹೇಳ್ಕೊಳೋದನ್ನ ನನಗೆ ಹೇಳಲ್ಲ. ನಾನು ಬಾಯಿ ಹಾಕಿದ್ರೆ ಅವ್ರು ಹೇಳ್ಕೊಳೋದನ್ನೂ ಬಿಡ್ತಾರೆ," ಎಂದು ಒಮ್ಮೆ ನನಗೆ ಕಾರಣ ಕೊಟ್ಟರು. ಅದು ಅವರ ಇಡೀ ಸಿದ್ಧಾಂತ. ಅದಕ್ಕಿಂತ ಉದ್ದವಾಗಿ ಅವರು ಅದನ್ನು ಎಂದೂ ವಿವರಿಸಲಿಲ್ಲ.

ಬಾಸ್ಕೆಟ್‌ಬಾಲ್‌ನಲ್ಲಿ ಬಹಳ ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ವಿರಾಮದಲ್ಲಿ ಯಾವ ಕೋಚ್ ಕೂಡ ಆಟಗಾರರೊಡನೆ ಮಾತಾಡುವಂತಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ನಿಯಮ ಬದಲಾಯಿತು. ಉಳಿದ ಕಾಲೇಜುಗಳ ಕೋಚ್‌ಗಳು ವಿರಾಮ ಸಿಕ್ಕ ತಕ್ಷಣ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಕೂಗತೊಡಗಿದರು. ನಮ್ಮ ಬೆಂಚಿನಿಂದ ಮೊದಲಿನಂತೆಯೇ ಕ್ಯಾನು ಹೋಗುತ್ತಿತ್ತು, ಕ್ಯಾನು ಬರುತ್ತಿತ್ತು. ಎದುರಾಳಿ ಊರಿನ ಜನಕ್ಕೆ ಇದು ಹಬ್ಬ.

"ಏ ಹಾಲ್ನೋರೇ, ನಮ್ಮನೆಗೆ ಎರಡು ಬಾಟ್ಲು."

"ಬೆಳಿಗ್ಗೆ ಬರ್ಲೇ ಇಲ್ವಲ್ಲ ಸ್ವಾಮಿ, ಮಗು ಅಳ್ತಿದೆ."

ಸ್ಕೋವ್ ಒಮ್ಮೊಮ್ಮೆ ಅವರ ಕಡೆ ಸೌಟು ಎತ್ತಿ ತೋರಿಸುತ್ತಿದ್ದರು. ಅಷ್ಟೇ.

ಅವರು ಗೆಲ್ಲದ ಕೋಚ್ ಎಂದು ಯಾರಾದರೂ ತಿಳಿದರೆ ತಪ್ಪು. ಯುದ್ಧಕ್ಕೆ ಮೊದಲಿನ ಒಂದು ವರ್ಷ ಅವರ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಯುದ್ಧದ ವರ್ಷಗಳಲ್ಲಿ ಕನ್ನಡಕದವರು, ಚಪ್ಪಟೆ ಪಾದದವರು, ಪಾದ್ರಿಯಾಗಲು ಓದುತ್ತಿದ್ದವರು ಎಲ್ಲರನ್ನೂ ಸೇರಿಸಿ ತಂಡ ಕಟ್ಟಿದರು. ಸೋತರು, ಆದರೆ ಒಂದು ಪಂದ್ಯವನ್ನೂ ಕೈಬಿಡಲಿಲ್ಲ. ಯುದ್ಧ ಮುಗಿಸಿ ಹೆಂಡತಿ ಮಕ್ಕಳೊಂದಿಗೆ ಓದಲು ಬಂದವರಿಂದ ಮತ್ತೆ ಗೆಲ್ಲುವ ತಂಡ ಮಾಡಿದರು. ನಾನು ಹೇಳಹೊರಟ ಸಂಗತಿ ನಡೆದದ್ದು ಐವತ್ತರ ದಶಕದ ನಡುವೆ, ಸತತವಾಗಿ ಕೆಲವು ವರ್ಷ ಸೋತ ಮೇಲೆ.

ಆ ಹೊತ್ತಿಗೆ ಕಾಲೇಜಿಗೆ ಹೊಸ ಅಧ್ಯಕ್ಷರು ಬಂದಿದ್ದರು. ಡಾಕ್ಟರ್ ಬಾಗೆಸನ್, ದೇವತಾಶಾಸ್ತ್ರ ಓದಿದವರು, ಕೆಟ್ಟವರಲ್ಲ. ಆಡಳಿತ ಮಂಡಳಿಯವರು ಅವರ ತಲೆ ತಿನ್ನುತ್ತಿದ್ದರು. ಜನವರಿಯಲ್ಲಿ ಅವರು ಸ್ಕೋವ್ ಅವರನ್ನು ಕರೆಸಿ ನೇರವಾಗಿ ಹೇಳಿದರಂತೆ: ವಿರಾಮದಲ್ಲಿ ಬೇರೆ ಕೋಚ್‌ಗಳಂತೆ ಮಾತಾಡಬೇಕು, ಇಲ್ಲವಾದರೆ ಮೇ ತಿಂಗಳಲ್ಲಿ ಬಂದು ಕಾಣಬೇಕು, ಎರಡು ಆಟಕ್ಕೂ ಹೊಸಬರನ್ನು ಹುಡುಕಲಾಗುವುದು. ಗೆಲ್ಲಿ ಎಂದು ಅವರು ಕೇಳಲಿಲ್ಲ. ಮಾತಾಡಿ ಎಂದರು, ಅಷ್ಟೇ.

ಆ ವಾರ ನಾನು ಅವರ ಮನೆಗೆ ಕಾಫಿಗೆ ಹೋಗಿದ್ದೆ. ಹೆಂಡತಿ ಡಾಗ್ನಿ ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತ ಹೇಳಿದರು.

"ಮದ್ವೆ ಆದಾಗಿಂದ ಈ ಮನೇಲಿ ನನಗೆ ಒಂದು ಮಾತು ಮುಗಿಸೋಕೆ ಬಿಟ್ಟಿಲ್ಲ ಇವ್ರು. ಅಲ್ಲಿ ಹೋಗಿ ಒಂದು ಮಾತು ಆಡೋಕೆ ಆಗಲ್ವಂತೆ. ಹೇಳಿ ಮೇಷ್ಟ್ರೇ, ಇದಕ್ಕೆ ನಿಮ್ಮ ವಿಜ್ಞಾನದಲ್ಲಿ ಏನಾದ್ರೂ ಕಾರಣ ಇದೆಯಾ?"

"ಡಾಗ್ನಿ, ಅದು ಹಾಗಲ್ಲ…"

"ನೋಡಿದ್ರಾ?"

ಸ್ಕೋವ್ ನಕ್ಕರು. ಆಮೇಲೆ ಕಪ್ಪು ಕೆಳಗಿಟ್ಟು, "ಹುಡುಗ್ರನ್ನ ಬಿಟ್ಟು ನನಗೆ ಬೇರೆ ಏನು ಗೊತ್ತಿದೆ?" ಎಂದರು. ಅದಕ್ಕೆ ಡಾಗ್ನಿ ತಮಾಷೆ ಮಾಡಲಿಲ್ಲ. "ಹಾಗಾದ್ರೆ ಮಾತಾಡಿ ಐನರ್. ಏನೋ ಒಂದು ಮಾತಾಡಿ," ಎಂದರು.

ಏನೋ ಒಂದು ಮಾತಾಡಿದರು. ಮುಂದಿನ ಪಂದ್ಯದ ವಿರಾಮದಲ್ಲಿ ಸೌಟು ಕೊಡುತ್ತ, "ನೀರು ತಗೊಳ್ಳಿ," ಎಂದದ್ದು ನನ್ನ ಕಿವಿಗೆ ಬಿತ್ತು. ಅದರ ಮುಂದಿನ ಪಂದ್ಯದಲ್ಲಿ, "ತಣ್ಣಗಿದೆ, ಮೆಲ್ಲಗೆ ಕುಡೀರಿ." ಬಾಗೆಸನ್ ಅದನ್ನು ಯಾರಿಂದಲೋ ತಿಳಿದುಕೊಂಡರು. ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, "ಸ್ಕೋವ್, ನಾನು ಹೇಳಿದ್ದು ನೀರಿನ ವಿಷಯ ಅಲ್ಲ," ಎಂದರು. ಸ್ಕೋವ್ ಆಗ ನಿಜವಾಗಿ ಮಾತು ಕೊಟ್ಟರು: ಮುಂದಿನ ಪಂದ್ಯದಲ್ಲಿ ಆಟದ ವಿಷಯ ಮಾತಾಡುತ್ತೇನೆ. ಕೊಟ್ಟ ಮಾತನ್ನು ತಿರುಚುವ ಮನುಷ್ಯ ಅಲ್ಲ ಅವರು. ಆದ್ದರಿಂದ ನನಗೆ ಸಮಾಧಾನವಾಗುವ ಬದಲು ಬೇಸರವೇ ಆಯಿತು.

ಆ ಮುಂದಿನ ಪಂದ್ಯ ಋತುವಿನ ಕೊನೆಯದು. ಎದುರಾಳಿ ಪ್ಲಮ್ ಕ್ರೀಕ್ ಕಾಲೇಜು, ನಮ್ಮ ಅಂಗಳದಲ್ಲೇ. ಗೆದ್ದವರಿಗೆ ರಾಜ್ಯದ ಪಂದ್ಯಾವಳಿಯಲ್ಲಿ ಜಾಗ. ನಮ್ಮ ಕಾಲೇಜು ಅಲ್ಲಿಗೆ ಎಂದೂ ಹೋಗಿರಲಿಲ್ಲ. ರಂಗಮಂಚದ ಮೇಲೂ ಕುರ್ಚಿ ಹಾಕಿದ್ದರು. ಬಾಗೆಸನ್ ನಮ್ಮ ಬೆಂಚಿಗೆ ಎದುರಾಗಿ ಮೊದಲ ಸಾಲಿನಲ್ಲಿ ಕೂತರು. ಅವರು ನೋಡಲು ಬಂದದ್ದು ಚೆಂಡನ್ನಲ್ಲ ಎನ್ನುವುದು ಅವರ ಕುತ್ತಿಗೆ ಯಾವ ಕಡೆಗೆ ತಿರುಗಿತ್ತು ಎನ್ನುವುದರಿಂದಲೇ ಗೊತ್ತಾಗುತ್ತಿತ್ತು.

ನಮ್ಮ ತಂಡದ ನಾಯಕ ಆರ್ಲೋ ಟೋಫ್ಟ್, ಮಾತು ಕಮ್ಮಿ, ಕಣ್ಣು ಚುರುಕು. ತಂಡದ ಬಲ ಮೆರಿಲ್ ಬಾಕ್. ಬುಟ್ಟಿಯ ಕೆಳಗೆ ನಿಂತರೆ ಬಾಗಿಲು ಮುಚ್ಚಿದಂತಿರುವ ಹುಡುಗ. ಪ್ಲಮ್ ಕ್ರೀಕ್‌ನವರು ಅವನಿಗೆ ಇಬ್ಬರನ್ನು ಅಂಟಿಸಿದ್ದರು. ಆದರೂ ಸಾಮಾನ್ಯವಾಗಿ ಮೆರಿಲ್ ಇಬ್ಬರ ತಲೆಯ ಮೇಲಿಂದಲೇ ಚೆಂಡು ಹಾಕುವವನು. ಅಂದು ಬಂದ ಚೆಂಡನ್ನೆಲ್ಲ ತಕ್ಷಣ ಬೇರೆಯವರಿಗೆ ದಾಟಿಸುತ್ತಿದ್ದ. ಬುಟ್ಟಿಗೆ ಎಸೆಯಲೇ ಇಲ್ಲ.

"ಏ ಬಾಕ್, ಚೆಂಡೇನು ಸುಡ್ತಿದೆಯಾ?" ಎಂದು ಅವರ ಕಡೆಯವನೊಬ್ಬ ಕೂಗಿದ.

"ಸಾಕಿದ ಎತ್ತು ಕಣೋ, ಹಾಯಲ್ಲ," ಎಂದ ಇನ್ನೊಬ್ಬ.

ಸ್ಕೋವ್ ಅದನ್ನು ಗಮನಿಸಿ ನನ್ನ ಕಡೆ ಬಾಗಿ, "ಹುಡುಗ ಅಳುಕ್ತಿದಾನೆ," ಎಂದರು. ಆಟದ ನಡುವೆ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಹುಡುಗರೊಡನೆ ಮಾತಾಡಲು ಅವರು ತಯಾರಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಪ್ಲಮ್ ಕ್ರೀಕ್‌ನವರ ಎತ್ತರದ ಎಸೆತಗಳು ತೊಲೆಗೆ ಬಡಿದು ನಮಗೆ ಒಂದಷ್ಟು ನೆರವಾದವು. ಆದರೂ ಕೊನೆಗೆ ನಾವು ಒಂದು ಅಂಕ ಹಿಂದೆ ಇದ್ದೆವು, ಚೆಂಡು ನಮ್ಮದು, ಗಡಿಯಾರದಲ್ಲಿ ಒಂದೇ ಒಂದು ದಾಳಿಗೆ ಸಾಲುವಷ್ಟು ಸಮಯ. ಆರ್ಲೋ ವಿರಾಮ ಕೇಳಿದ.

ಸ್ಕೋವ್ ಎದ್ದರು. ಕ್ಯಾನು ಎತ್ತಿಕೊಂಡರು. ಎದುರು ಸಾಲಿನಲ್ಲಿ ಬಾಗೆಸನ್ ಮುಂದಕ್ಕೆ ಬಾಗಿದರು. ಹುಡುಗರು ನನ್ನ ಮೇಜಿನ ಮುಂದೆಯೇ ತಲೆ ಕೂಡಿಸಿದ್ದರು. ಸ್ಕೋವ್ ಸೌಟನ್ನು ಕ್ಯಾನಿನೊಳಗೇ ಬಿಟ್ಟು, ನೆಟ್ಟಗೆ ನಿಂತು, ಬಾಯಿ ತೆರೆದರು. ಅವರ ಕೊರಳಿನಿಂದ "ಕೇಳ್ರೋ" ಎಂಬುದರ ಮೊದಲ ಅರ್ಧ ಹೊರಟಿತ್ತು.

ಆರ್ಲೋ ತಲೆ ಎತ್ತಲಿಲ್ಲ. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿದ.

"ಒಂದ್ನಿಮಿಷ ತಡೀರಿ ಕೋಚ್, ನಾವಿನ್ನೂ ಮಾತಾಡ್ತಿದೀವಿ. ನೀರು ಈ ಕಡೆ ಕೊಡಿ."

ಅದರಲ್ಲಿ ಅಗೌರವ ಇರಲಿಲ್ಲ. ಅಪ್ಪ ಅಮ್ಮ ಮಾತಾಡುವಾಗ ಮಗುವನ್ನು ಸುಮ್ಮನಿರಿಸುವ ದನಿ, ಅಷ್ಟೇ. ಆದರೆ ಇಲ್ಲಿ ಮಗು ಯಾರು ಎಂಬುದು ಅದಲುಬದಲಾಗಿತ್ತು. ಸ್ಕೋವ್ ಅವರ ಬಾಯಿ ಒಂದು ಗಳಿಗೆ ಹಾಗೇ ತೆರೆದಿತ್ತು. ಆಮೇಲೆ ಮುಚ್ಚಿತು. ಸೌಟು ತುಂಬಿ ಚಾಚಿದ ಆ ಕೈಗೆ ಕೊಟ್ಟರು. ಹುಡುಗರು ಪಿಸುಗುಟ್ಟಿದ್ದು ಅವರಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಶಿಳ್ಳೆ ಆಯಿತು.

ಆರ್ಲೋ ಚೆಂಡು ಹಿಡಿದು ಮೆರಿಲ್‌ನ ಕಡೆ ನೋಡಿದ. ಮೆರಿಲ್ ಎರಡೂ ಕೈ ಎತ್ತಿ, ಕೊಡು ಕೊಡು ಎಂದು ಬೇಡುವವನಂತೆ ನಿಂತ. ಇಬ್ಬರ ಜೊತೆಗೆ ಮೂರನೆಯವನೂ ಅವನ ಮೇಲೆ ಬಿದ್ದ. ಸ್ಕೋವ್ ಬೆಂಚಿನ ಅಂಚಿಗೆ ಬಂದಿದ್ದರು. ಆರ್ಲೋ ಮೆರಿಲ್‌ನ ಕಡೆ ನೋಡುತ್ತಲೇ ಚೆಂಡನ್ನು ರಂಗಮಂಚದ ಬದಿಯ ಮೂಲೆಗೆ ಎಸೆದ. ಅಲ್ಲಿ ಎಲ್ಡನ್ ಯೂಲ್ ಒಬ್ಬನೇ ನಿಂತಿದ್ದ. ರಬ್ಬರ್ ಪಟ್ಟಿಯಲ್ಲಿ ಕನ್ನಡಕ ಬಿಗಿದುಕೊಂಡ ಹುಡುಗ, ನನ್ನ ಪ್ರಯೋಗಾಲಯದಲ್ಲಿ ಗಾಜು ಒಡೆಯುವುದರಲ್ಲಿ ಮೊದಲಿಗ. ಸ್ಕೋವ್ "ಅಯ್ಯೋ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿತು. ಎಲ್ಡನ್ ಚೆಂಡನ್ನು ತೊಲೆಯ ಕೆಳಗಿನಿಂದ ಬಟ್ಟೆ ಒಣಹಾಕುವ ತಂತಿಯಂತೆ ಚಪ್ಪಟೆಯಾಗಿ ಕಳಿಸಿದ. ಅದು ಬುಟ್ಟಿಯ ಹಿಂಬದಿಯ ಬಳೆಗೆ ಬಡಿದು ಒಳಗೆ ಬಿತ್ತು. ನಾನು ಗಂಟೆ ಒತ್ತಿದೆ.

ಆಟದ ನಂತರ ಎರಡೂ ತಂಡಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕೊಡುವುದು ನಮ್ಮ ಊರಿನ ರೂಢಿ. ಹೆಂಗಸರು ಗುಳಿ ಇರುವ ಬೀಡುಕಬ್ಬಿಣದ ಹೆಂಚಿನಲ್ಲಿ ಹಿಟ್ಟು ಹೊಯ್ದು, ಕಡ್ಡಿಯಲ್ಲಿ ಮಗುಚಿ, ಎಬ್ಲೆಸ್ಕೀವರ್ ಎಂಬ ಗುಂಡು ಗುಂಡಾದ ಕಡುಬನ್ನು ಬೇಯಿಸುತ್ತಿದ್ದರು. ಡಾಗ್ನಿಯೂ ಒಲೆಯ ಹತ್ತಿರ ಇದ್ದರು. ಸ್ಕೋವ್ ಮತ್ತು ನಾನು ಒಂದು ಮೇಜು, ಪಕ್ಕದ ಮೇಜಿನಲ್ಲಿ ಹುಡುಗರು. ಬಾಗೆಸನ್ ತಟ್ಟೆ ಹಿಡಿದು ನೇರವಾಗಿ ನಮ್ಮ ಬಳಿಗೆ ಬಂದರು. ಮುಖ ಹೊಳೆಯುತ್ತಿತ್ತು.

"ನೋಡಿದ್ರಾ ಸ್ಕೋವ್? ಬಾಯಿ ಬಿಟ್ರಿ, ಗೆದ್ರಿ. ನಾನೇ ಕಣ್ಣಾರೆ ಕಂಡೆ. ಇಷ್ಟು ವರ್ಷ ಯಾಕೆ ಹಟ ಮಾಡಿದ್ರಿ ಅಂತ."

ಸ್ಕೋವ್ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಒಲೆಯ ಹತ್ತಿರ ಡಾಗ್ನಿ ಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಬಾಯಿ ಬಿಟ್ಟಿದ್ದು ನಿಜ," ಎಂದರು ಸ್ಕೋವ್. "ಮಾತು ಆಡ್ಲಿಲ್ಲ. ಆರ್ಲೋ ತಡೀರಿ ಅಂದ."

"ತಡೀರಿ ಅಂದ್ನಾ? ನಿಮಗೆ?"

"ಹೂಂ. ಅವ್ರು ಮಾತಾಡ್ತಿದ್ರು."

ಬಾಗೆಸನ್ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಸರಿ. ಅವನು ತಡೀದೆ ಇದ್ದಿದ್ರೆ ಏನು ಹೇಳ್ತಿದ್ರಿ? ಇದನ್ನೇ ತಾನೆ?"

"ಇಲ್ಲ. ಚೆಂಡು ಮೆರಿಲ್‌ಗೆ ಕೊಡಿ, ಅವನು ಅಳುಕ್ತಿದಾನೆ, ಒಂದ್ಸಲ ಹಾಕಿದ್ರೆ ಸರಿಹೋಗ್ತಾನೆ ಅಂತ ಹೇಳ್ತಿದ್ದೆ."

ತನ್ನ ಹೆಸರು ಕೇಳಿ ಮೆರಿಲ್ ಈ ಕಡೆ ತಿರುಗಿದ. ಫೋರ್ಕಿನ ತುದಿಯಲ್ಲಿ ಅರ್ಧ ಕಡುಬು. ಸ್ಕೋವ್ ಅವನನ್ನೇ ನೋಡಿದರು. ಆಟದ ಅಂಗಳದಲ್ಲಿ ಕಾಣದ್ದು ಊಟದ ಮೇಜಿನಲ್ಲಿ ಅವರಿಗೆ ಕಂಡಿತು.

"ಮೆರಿಲ್, ಯಾವತ್ತಿಂದ ಎಡಗೈಲಿ ತಿನ್ನೋದು?"

ಹುಡುಗರೆಲ್ಲ ಒಮ್ಮೆಗೇ ತಮ್ಮ ತಟ್ಟೆ ನೋಡತೊಡಗಿದರು.

"ಬಲಗೈ ತೋರ್ಸು."

ಮೆರಿಲ್ ಮೇಜಿನ ಕೆಳಗಿಂದ ಕೈ ತೆಗೆದ. ಎರಡು ಬೆರಳು ಊದಿ ನೀಲಿಗಟ್ಟಿದ್ದವು. ಗುರುವಾರ ಕೊಟ್ಟಿಗೆಯಲ್ಲಿ ಹಸುವಿನ ಕೊರಳಿಗೆ ಅಡ್ಡ ಹಾಕುವ ಮರದ ಪಟ್ಟಿ ಕೈಮೇಲೆ ಬಿದ್ದಿತ್ತಂತೆ. ಚೆಂಡು ಹಿಡಿಯಬಹುದಿತ್ತು, ದಾಟಿಸಬಹುದಿತ್ತು. ಗುರಿಯಿಟ್ಟು ಎಸೆಯುವುದು ಸಾಧ್ಯವಿರಲಿಲ್ಲ.

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಆಡಿಸ್ತಿದ್ರಾ ಕೋಚ್?"

"ಇಲ್ಲ."

"ಅದಕ್ಕೇ."

ಆರ್ಲೋ ಗಂಟಲು ಸರಿಮಾಡಿಕೊಂಡ. "ನಮಗೆಲ್ಲ ಗೊತ್ತಿತ್ತು ಕೋಚ್. ಅವನು ಸುಮ್ನೆ ಅಲ್ಲಿ ಕೈ ಎತ್ಕೊಂಡು ನಿಂತ್ರೆ ಸಾಕು, ಮೂವರು ಅವನ ಮೇಲೆ ಬೀಳ್ತಾರೆ ಅಂತ ಲೆಕ್ಕ ಹಾಕಿದ್ವಿ. ಎಲ್ಡನ್ ಹಾಕ್ತಾನೆ ಅಂತ ಗ್ಯಾರಂಟಿ ಏನಿರ್ಲಿಲ್ಲ."

"ನನಗೂ ಇರ್ಲಿಲ್ಲ," ಎಂದ ಎಲ್ಡನ್, ಬಾಯಿತುಂಬ ಕಡುಬು ಇಟ್ಟುಕೊಂಡು.

ಬಾಗೆಸನ್ ಒಂದು ಕಡುಬನ್ನು ಜಾಮಿನಲ್ಲಿ ಅದ್ದಿ, ನಿಧಾನವಾಗಿ ತಿಂದು ಮುಗಿಸಿದರು. ಅವರು ತರ್ಕ ಕಲಿತವರು. ವಾದವೊಂದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಲ್ಲಿಯವರೆಗೆ ಅದರ ಜೊತೆ ನಡೆಯುವ ಅಭ್ಯಾಸ ಅವರಿಗಿತ್ತು.

"ಅಂದ್ರೆ, ನಾನು ಹೇಳಿದ ಹಾಗೆ ನೀವು ಮಾಡಿದ್ರೆ ಸೋಲ್ತಿದ್ರಿ."

"ಹೆಚ್ಚುಕಮ್ಮಿ."

"ಮತ್ತೆ ಈ ಹುಡುಗನ ಬೆರಳು ಪೂರ್ತಿ ಹಾಳಾಗ್ತಿತ್ತು."

ಸ್ಕೋವ್ ಮೆರಿಲ್‌ನ ಬೆರಳನ್ನೇ ನೋಡುತ್ತಿದ್ದರು. ಅವರ ಮನಸ್ಸು ಯಾವ ಹುಡುಗನ ಬಳಿಗೆ ಹೋಗಿತ್ತು ಎಂದು ಹೇಳಬೇಕಾದ್ದಿಲ್ಲ.

"ಮೇ ತಿಂಗಳಲ್ಲಿ ನನ್ನ ಕಾಣೋಕೆ ಬರಬೇಡಿ ಸ್ಕೋವ್," ಎಂದರು ಬಾಗೆಸನ್ ಏಳುತ್ತ. "ಮಂಡಳಿಯವ್ರಿಗೆ ನಾನೇ ಹೇಳ್ಕೋತೀನಿ. ಹೇಗೆ ಹೇಳೋದು ಅಂತ ಇನ್ನೂ ಗೊತ್ತಿಲ್ಲ." ನಾಲ್ಕು ಹೆಜ್ಜೆ ಹೋದವರು ತಿರುಗಿ, "ಆದ್ರೆ ಬೆರಳಿನ ವಿಷಯ ಏನಾದ್ರೂ ಮಾಡಿ," ಎಂದರು.

ಒಲೆಯ ಹತ್ತಿರ ಡಾಗ್ನಿ ಕಡ್ಡಿಯನ್ನು ಮತ್ತೆ ಆಡಿಸಿದರು. ಅಷ್ಟರಲ್ಲಿ ಒಂದು ಹೆಂಚಿನ ಕಡುಬು ಪೂರ್ತಿ ಕರಕಲಾಗಿತ್ತು.

ರಾಜ್ಯದ ಪಂದ್ಯಾವಳಿಯಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತೆವು. ಮೆರಿಲ್ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನಲ್ಲಿ ಕೂತಿದ್ದ. ಅಲ್ಲಿನ ಚಾವಣಿ ಬಹಳ ಎತ್ತರ. ನಮ್ಮ ಹುಡುಗರ ಚಪ್ಪಟೆ ಎಸೆತ ಕಂಡು ಜನ ನಕ್ಕರು, ಕ್ಯಾನು ಕಂಡು ಇನ್ನಷ್ಟು ನಕ್ಕರು. ಸ್ಕೋವ್ ಸೌಟು ಎತ್ತಿ ತೋರಿಸಿದರು.

ಅವರು ನಿವೃತ್ತರಾಗುವವರೆಗೆ ಎರಡೂ ಆಟಕ್ಕೆ ಅವರೇ ಕೋಚ್ ಆಗಿದ್ದರು, ವಿರಾಮದಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಆದರೆ ಬಾಗೆಸನ್ ಹೇಳಿದ್ದನ್ನೂ ಮರೆಯಲಿಲ್ಲ. ಪ್ರತಿ ಪಂದ್ಯಕ್ಕೆ ಮೊದಲು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ ನೋಡುತ್ತಿದ್ದರು. ಆಮೇಲೆ ಹೆಗಲು. ಟಾಗೆಯ ಮಗ ತಂಡಕ್ಕೆ ಬಂದ ವರ್ಷ ಅವನ ಎರಡೂ ಹೆಗಲನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಒತ್ತಿ ನೋಡುತ್ತಿದ್ದರು. ಹುಡುಗ ನಾಚಿಕೊಂಡು, "ನಂದೇನೂ ಆಗಿಲ್ಲ ಕೋಚ್, ಹೋಗಿದ್ದು ನಮ್ಮಪ್ಪಂದು ಅಷ್ಟೇ," ಎನ್ನುತ್ತಿದ್ದ.

ಆ ಪದ್ಧತಿಯಿಂದ ಬಹಳ ಪ್ರಯೋಜನವಾಯಿತು. ಲಿಲಬೆಕ್‌ನ ಹುಡುಗರು ಕೈಬೆರಳಿನ ಗಾಯ ಮುಚ್ಚಿಡುವುದನ್ನು ಪೂರ್ತಿ ಬಿಟ್ಟರು. ಕಾಲ್ಬೆರಳು ಮುರಿದುಕೊಂಡರೆ ಮಾತ್ರ ಸ್ಕೋವ್ ಅವರಿಗೆ ಹೇಳುತ್ತಿರಲಿಲ್ಲ. ತಲೆ ಕೂಡಿಸಿದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.